ಗೋಡೆಗೆ ಹೊದಿಸಿದ ಕೌದಿ

ಫಕೀರವ್ವ ಆಯಿಯ ಕೋಣೆಗೆ ನಾನು ಹೊದಿಸಿದ್ದು ಒಟ್ಟು ಹತ್ತೊಂಬತ್ತು ಕೌದಿ. ನಾಲ್ಕು ಗೋಡೆಗೆ ಹದಿನಾಲ್ಕು, ಬಾಗಿಲಿಗೆ ಒಂದು, ಜಂತಿಯ ಕೆಳಗೆ ಚಪ್ಪರದ ಹಾಗೆ ಮೂರು, ಆಕೆ ಬೆನ್ನು ಆನಿಸಿ ಕೂರುವ ಮೂಡಣ ಮೂಲೆಗೆ ಒಂದು. ಆ ಕಡೆಯದೊಂದನ್ನು ಹೊದಿಸಬೇಡ ಎಂದು ಆಕೆ ಬಾಯಿ ಬಿಟ್ಟು ಹೇಳಿದ್ದಳು. ಆದರೂ ಹೊದಿಸಿದೆ. ಕೌದಿ ಹೊಲಿಯುವ ಸಾವಂತ್ರಿ ಕೈಯಿಟ್ಟ ಕೆಲಸದಲ್ಲಿ ಒಂದು ಮೂಲೆ ಬರಿದಾಗಿ ಉಳಿಯಿತು ಅಂತ ಯಾರೂ ಅನ್ನಬಾರದು ಎಂಬ ಸೊಕ್ಕು ನನಗಿತ್ತು.

ನಮ್ಮೂರಲ್ಲಿ ಸೂರಿನಡಿ ಆಡಿದ ಮಾತು ಒಂಬತ್ತು ದಿನ ಕಳೆದು ಅದೇ ಹೊತ್ತಿಗೆ ಗೋಡೆಯಿಂದ ತಿರುಗಿ ಬರುತ್ತದೆ. ಅದಕ್ಕೇ ನಮ್ಮ ಶಾಲೆಗೆ ಗೋಡೆಯಿಲ್ಲ, ಬರೀ ಕಂಬ. ಹಿರಿಯರು ನ್ಯಾಯಕ್ಕೆ ಕೂರುವುದು ಬೇವಿನ ಮರದ ಕೆಳಗೆ. ಹೆಣ್ಣು ನೋಡಲು ಬಂದವರನ್ನು ಅಂಗಳದಲ್ಲೇ ಕೂರಿಸಿ ಅವಲಕ್ಕಿ ಕೊಡುತ್ತೇವೆ. ಒಳಗೆ ಕರೆದರೂ ಅವರು ಬರುವುದಿಲ್ಲ. ಒಂಬತ್ತು ದಿನದ ಹಿಂದೆ ನಾವು ಅವರ ಬಗ್ಗೆ ಏನೇನು ಆಡಿಕೊಂಡಿದ್ದೆವೋ ಎಂಬ ಅಳುಕು ಅವರಿಗೂ ಇರುತ್ತದೆ, ನಮಗೂ ಇರುತ್ತದೆ. ಗಂಡ ಹೆಂಡತಿಗೆ ಜಗಳ ಬಂದರೆ ಹಿತ್ತಲಿಗೆ ಹೋಗಬೇಕು, ಅಲ್ಲಿಗೆ ನಡೆಯುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ. ನನ್ನ ಗಂಡ ತಿಪ್ಪಣ್ಣ ಒಮ್ಮೆ ಜ್ವರದ ತಾಪದಲ್ಲಿ ಒಳಗೇ ಮಲಗಿ ನನ್ನ ತವರಿನವರನ್ನೆಲ್ಲ ಬೈದಿದ್ದ. ಒಂಬತ್ತನೆಯ ದಿನ ನಮ್ಮಣ್ಣ ಬಂದು ಕೂತಿದ್ದಾನೆ! ಇವನು ಗೋಡೆಗೆ ಬೆನ್ನು ಕೊಟ್ಟು ನಿಂತು ಆ ಬೈಗುಳವನ್ನು ಮುಚ್ಚಲು ಜೋರಾಗಿ ಕೆಮ್ಮಿದ್ದೇ ಕೆಮ್ಮಿದ್ದು. ಮುಂದಿನ ಒಂಬತ್ತಕ್ಕೆ ಆ ಕೆಮ್ಮು ಬಂತು.

ಒಮ್ಮೆ ತಿರುಗಿ ಬಂದದ್ದು ಎರಡನೆಯ ಸಲ ಸೊಳ್ಳೆಯ ಗುಂಯ್‌ಗುಡುವಿಕೆಯಷ್ಟು, ಮೂರನೆಯ ಸಲ ಇಲ್ಲವೇ ಇಲ್ಲ. ಉಸಿರಾಡುವ ಜೀವ ಮಾಡಿದ ಸದ್ದನ್ನಷ್ಟೇ ಗೋಡೆ ಹಿಡಿಯುತ್ತದೆ. ರೇಡಿಯೊ ಎಷ್ಟು ಒದರಿದರೂ ಹಿಡಿಯುವುದಿಲ್ಲ. ದಪ್ಪ ಬಟ್ಟೆ ಅಡ್ಡ ಬಂದರೆ ಸದ್ದು ಬಟ್ಟೆಯೊಳಗೇ ಇಂಗಿಹೋಗುತ್ತದೆ. ಅದಕ್ಕೇ ನನ್ನಂಥವಳ ಕೈಗೆ ಬಿಡುವಿಲ್ಲ. ಹೊಸದಾಗಿ ಮದುವೆಯಾದವರ ಕೋಣೆಗೆ ಕೌದಿ, ರೋಗದಲ್ಲಿ ನರಳುವವರ ಕೋಣೆಗೆ ಕೌದಿ. ಹಳೇ ಸೀರೆ, ಹರಿದ ಅಂಗಿ, ಕುಪ್ಪಸ, ಏನೇ ಕೊಟ್ಟರೂ ಪದರ ಪದರವಾಗಿ ಹಾಸಿ ಹೊಲಿದುಬಿಡುತ್ತೇನೆ.

ನನ್ನ ಮನೆಯೆದುರಿಗೇ, ಓಣಿಯ ಆಚೆ, ಫಕೀರವ್ವ ಆಯಿಯ ಮನೆ. ದಿನಾ ಮಧ್ಯಾಹ್ನ, ಬೆಳಕಿಂಡಿಯ ಬಿಸಿಲು ಬೀಸುವ ಕಲ್ಲನ್ನು ಮುಟ್ಟುವ ಹೊತ್ತಿಗೆ, ಆಕೆ ಒಂದು ಹಾಡು ಹೇಳುತ್ತಿದ್ದಳು. ಆಕೆಯಲ್ಲಿದ್ದದ್ದು ಒಂಬತ್ತೇ ಹಾಡು. ಅವಳ ಅತ್ತೆ ನೀಲವ್ವ ಅದೇ ಕೋಣೆಯಲ್ಲಿ, ಅದೇ ಮಣೆಯ ಮೇಲೆ ಕೂರಿಸಿಕೊಂಡು ಹೇಳಿಕೊಟ್ಟದ್ದು. ದಿನಕ್ಕೊಂದರಂತೆ ಒಂಬತ್ತು ದಿನ, ಹತ್ತನೆಯ ದಿನ ಮತ್ತೆ ಮೊದಲಿನದು. ಹೀಗೆ ಐವತ್ತು ವರ್ಷ. ಅವಳ ದನಿಯೋ, ಎಪ್ಪತ್ತೆರಡರ ಮುದುಕಿಯದು ಅಂತ ಯಾರೂ ಹೇಳುತ್ತಿರಲಿಲ್ಲ. ತುಂಬಿದ ಕೊಡದ ಹಾಗೆ. ಹಾದಿಯಲ್ಲಿ ಹೋಗುವವರು ಕಿಟಕಿಯ ಕೆಳಗೆ ನಿಂತು ಮುಂದೆ ಹೋಗುತ್ತಿದ್ದರು. ನಾನು ನಮ್ಮ ಕಟ್ಟೆಯ ಮೇಲೆ ಕೂತು ಇಪ್ಪತ್ತೆರಡು ವರ್ಷ ಆ ಹಾಡಿನ ಗತ್ತಿಗೇ ಸೂಜಿ ಆಡಿಸಿದ್ದೇನೆ. ನನ್ನ ಹೊಲಿಗೆಯ ಗೆರೆ ನೇರ ಅಂತ ಊರು ಹೊಗಳುತ್ತಿದ್ದದ್ದು ಆ ಗತ್ತಿಗೆ ಸಲ್ಲಬೇಕಾದದ್ದು.

ಈ ಸಲ ಚಳಿ ಇಳಿಯುವ ಹೊತ್ತಿಗೆ ಆಯಿಯ ಗಂಟಲಲ್ಲಿ ಗಂಟು ಕಾಣಿಸಿತು. ದೊಡ್ಡಾಸ್ಪತ್ರೆಯ ಡಾಕ್ಟರು ಇಪ್ಪತ್ತೊಂದು ದಿನ ಬಿಟ್ಟು ಆಪರೇಷನ್ ಅಂದರು. ಜೀವಕ್ಕೆ ಹೆದರಿಕೆಯಿಲ್ಲ, ದನಿ ಉಳಿಯುತ್ತದೆ ಅಂತ ಮಾತ್ರ ಹೇಳಲಾರೆ ಅಂದರಂತೆ. ಆಯಿಯ ಮೊಮ್ಮಗಳು ಅನಸೂಯಾ, ನನ್ನನ್ನು ಚಿಕ್ಕಮ್ಮನಂತೆ ಚಿಗವ್ವ ಎನ್ನುವವಳು, ನಮ್ಮ ಶಾಲೆಯಲ್ಲಿ ಟೀಚರು. ಮರುದಿನವೇ ಹೋಗಿ ಮೈಕು, ಹಾಡು ಹಿಡಿದಿಡುವ ಒಂದು ಸಣ್ಣ ಮಿಷನ್ನು ತಂದಳು. ಒಂಬತ್ತೂ ಹಾಡು ಉಳಿಯಬೇಕು ಎಂಬುದೊಂದೇ ಅವಳ ಹಟ.

ಮೊದಲ ದಿನ ಇದ್ದ ಕೋಣೆಯಲ್ಲೇ ಆಯಿಯನ್ನು ಕೂರಿಸಿ ಮೊದಲ ಹಾಡು ಹಿಡಿದಳು. ಆಮೇಲೆ ನಾನಿದ್ದ ಅಂಗಳಕ್ಕೆ ಬಂದು ಕಿವಿಗೆ ಹಾಕಿಕೊಂಡು ಕೇಳಿ ಮುಖ ಸಿಂಡರಿಸಿದಳು.

"ಚಿಗವ್ವಾ, ಇದು ಪೂರಾ ಕಲಸಿ ಹೋಗೇತಿ. ಒಂದು ದನಿ ಇದ್ದಲ್ಲಿ ಮೂರು ಇದ್ದಂಗ ಕೇಳತೈತಿ. ಬರಿಗೋಡಿ ನೋಡು, ಸದ್ದು ಚೆಂಡಿನಂಗ ಪುಟೀತೈತಿ. ಅದರ ಮ್ಯಾಲ ಒಂಬತ್ತು ದಿನದ ಹಿಂದಿಂದು ಬ್ಯಾರೆ ಬಂದು ಕೂಡತೈತಿ."

"ಹಂಗಾರ ಹೊರಗ ಕುಂತು ಹಾಡಲಿ."

"ಹೊರಗ ಗಾಳಿ, ಕಾಗಿ, ನಿನ್ನ ಗಂಡನ ಕೆಮ್ಮು. ಒಳಗೇ ಆಗಬೇಕು. ಕೋಣಿ ಮೆತ್ತಗ ಮಾಡಬೇಕು."

ಅವಳು ಅದನ್ನೆಲ್ಲ ಎಲ್ಲೋ ಓದಿಕೊಂಡಿದ್ದಳು. ಒಳಗೆ ಹೋಗಿ ಕೋಣೆಯ ನಡುವೆ ನಿಂತು ಮೂರು ಸಲ ಚಪ್ಪಾಳೆ ತಟ್ಟಿದಳು. ಅದು ಎಷ್ಟು ಹೊತ್ತು ಗುಂಯ್ ಅನ್ನುತ್ತದೋ ಅಷ್ಟು ಕೌದಿ ಬೇಕಂತೆ. ಸದ್ದು ಮೂಲೆಗಳಲ್ಲಿ ಗುಂಪುಗೂಡಿ ಕೂರುತ್ತದಂತೆ, ಅದಕ್ಕೆ ಮೂಲೆಗಳನ್ನೇ ಮೊದಲು ಮುಚ್ಚಬೇಕಂತೆ. ಕೌದಿಯನ್ನು ಗೋಡೆಗೆ ಅಂಟಿಸಿ ಬಡಿಯಬಾರದು, ಗೇಣು ಬಿಟ್ಟು ಹಗ್ಗದ ಮೇಲೆ ಇಳಿಬಿಡಬೇಕಂತೆ. ಒಂದು ಗೋಡೆಯ ಬುಡಕ್ಕೆ ಜೋಳದ ಚೀಲ ಒಟ್ಟಿದೆವು, ನೆಲಕ್ಕೆ ಜಮಖಾನ ಹಾಸಿದೆವು. ನಾನು ನನ್ನ ಮನೆಯ ಕೌದಿಗಳನ್ನೆಲ್ಲ ತಂದೆ, ಸಾಲದ್ದಕ್ಕೆ ನಾಲ್ಕು ಮನೆ ತಿರುಗಿದೆ. ಬೇಡ ಅಂದವರಿಲ್ಲ. "ಆಯಿ ದನಿಗೇನ? ಒಯ್ಯಿ" ಎಂದು ಮೇಲೆ ಹೊದ್ದದ್ದನ್ನೇ ಸುತ್ತಿ ಕೊಟ್ಟರು.

ಆಯಿ ಇದನ್ನೆಲ್ಲ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದಳು. ಡಾಕ್ಟರು ಗಂಟಲಿಗೆ ಬಿಡುವು ಕೊಡಲು ಹೇಳಿದ್ದರಿಂದ ಮಾತು ಕಡಿಮೆ ಮಾಡಿದ್ದಳು. ನಾನು ಏಣಿ ಎತ್ತಿಕೊಂಡು ಮೂಡಣ ಮೂಲೆಗೆ ಹೋದಾಗ ಮಾತ್ರ ಕೈ ಎತ್ತಿದಳು.

"ಅದೊಂದು ಮೂಲಿ ಬಿಡ ಸಾವಂತ್ರಿ. ಅಲ್ಲಿ ಬೆನ್ನ ಕೊಟ್ಟ ಕೂಡತೇನಿ ನಾ. ಗೋಡಿ ಬೆನ್ನಿಗೆ ಹತ್ತಬೇಕು."

"ಗೋಡಿ ಥಂಡಿ ಇರತೈತಿ ಆಯೀ."

"ಇರಲಿ. ಬಿಡು."

ಹೂಂ ಅಂದೆ. ಸಂಜೆ ಆಕೆ ಅಡುಗೆಮನೆಗೆ ಹೋದಾಗ ಅನಸೂಯಾ ಬಂದು, "ಚಿಗವ್ವಾ, ಇದೇ ಖರೇ ಮೂಲಿ. ಇದನ್ನ ಬಿಟ್ಟರ ಉಳಿದದ್ದೆಲ್ಲ ಹೊದಿಸಿದ್ದು ದಂಡ" ಅಂದಳು. ನನಗೂ ಹಾಗೇ ಅನ್ನಿಸಿತು. ನನ್ನ ಪೆಟ್ಟಿಗೆಯ ತಳದಲ್ಲಿ ನನ್ನ ಮದುವೆಗೆ ಅವ್ವ ಹೊಲಿದು ಕೊಟ್ಟ ಹನ್ನೊಂದು ಪದರದ ಕೌದಿಯಿತ್ತು. ಮುದುಕಿಯ ಬೆನ್ನಿಗೆ ಮೆತ್ತಗಾಗಲಿ ಎಂದು ಅದನ್ನೇ ತಂದು ಆ ಮೂಲೆಗೆ ಇಳಿಬಿಟ್ಟೆ. ಪ್ರೀತಿಯಿಂದಲೇ ಮಾಡಿದ್ದು. ಆಮೇಲೆ ಕೋಣೆಗೆ ಬೀಗ ಹಾಕಿದೆವು. ಒಂಬತ್ತು ದಿನ ಯಾರೂ ಒಳಗೆ ಕಾಲಿಡಬಾರದು, ಗೋಡೆಯಲ್ಲಿ ಇದ್ದಬದ್ದದ್ದನ್ನೆಲ್ಲ ಕೌದಿ ಕುಡಿದುಬಿಡಲಿ, ಹತ್ತನೆಯ ದಿನ ತೊಳೆದ ತಟ್ಟೆಯಂಥ ಕೋಣೆಯಲ್ಲಿ ಹಾಡು ಹಿಡಿಯೋಣ ಎಂದು ಲೆಕ್ಕ ಹಾಕಿದೆವು.

ಒಂಬತ್ತನೆಯ ದಿನ ಪರೀಕ್ಷೆ. ಅನಸೂಯಾ ತಟ್ಟಿದ ಚಪ್ಪಾಳೆ ತಿರುಗಿ ಬರುವ ಹೊತ್ತು. ನಾವಿಬ್ಬರೂ ಬೀಗ ತೆಗೆದು ಒಳಗೆ ಹೋಗಿ ಉಸಿರು ಬಿಗಿಹಿಡಿದು ನಿಂತೆವು. ಹೊತ್ತು ಬಂತು, ಹೋಯಿತು. ಒಂದು ಚಪ್ಪಾಳೆಯೂ ಬರಲಿಲ್ಲ. ಹೊರಗೆ ಓಡಿ ಬಂದು ಅನಸೂಯಾ ನನ್ನನ್ನು ತಬ್ಬಿಕೊಂಡು ಕುಣಿದಳು. ನಾನು ಮನೆಗೆ ಹೋಗಿ ಬೆಲ್ಲ ತಂದು ಓಣಿಯವರಿಗೆಲ್ಲ ಹಂಚಿದೆ. ಆ ಬೆಲ್ಲವನ್ನು ನೆನೆದರೆ ಈಗಲೂ ನಾಲಿಗೆ ಕಹಿಯಾಗುತ್ತದೆ.

ಹತ್ತನೆಯ ದಿನ ಮಧ್ಯಾಹ್ನ ಆಯಿ ಮಿಂದು ಮಡಿಯುಟ್ಟು ಬಂದಳು. ಒಳಗೆ ಕಾಲಿಟ್ಟವಳೇ ಒಂದು ಸಲ ನಿಂತಳು. ಆ ಕೋಣೆಯಲ್ಲಿ ನಮ್ಮ ಹೆಜ್ಜೆಯ ಸದ್ದೂ ಇರಲಿಲ್ಲ. ಮಣೆಯ ಮೇಲೆ ಕೂತು ಹಿಂದಕ್ಕೆ ಒರಗಿದಳು. ಬೆನ್ನಿಗೆ ಕೌದಿ ತಾಗಿತು. ತಿರುಗಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಬಿಸಿಲು ಬೀಸುವ ಕಲ್ಲನ್ನು ಮುಟ್ಟಿತು. ಅನಸೂಯಾ ಕೈಸನ್ನೆ ಮಾಡಿದಳು. ಆಯಿ ಹಾಡಲಿಲ್ಲ. ಬಾಯಿ ಅರೆ ತೆರೆದು, ತಲೆ ಸ್ವಲ್ಪ ವಾಲಿಸಿ, ಯಾರೋ ಕರೆಯುವುದನ್ನು ಕಾಯುವವಳ ಹಾಗೆ ಕೂತಿದ್ದಳು. ಅನಸೂಯಾ ಮತ್ತೆ ಸನ್ನೆ ಮಾಡಿದಳು. ಇನ್ನೂ ಕಾದಳು. ಕಡೆಗೆ ಕಣ್ಣು ಮುಚ್ಚಿಕೊಂಡು ಎತ್ತಿದಳು.

ಅದನ್ನು ಹೇಗೆ ಹೇಳಲಿ? ಒಣಗಿದ ಎಲೆಯನ್ನು ಕಲ್ಲಿನ ಮೇಲೆ ಎಳೆದ ಹಾಗೆ ಒಂದು ಸದ್ದು ಬಂತು. ಎರಡು ಮಾತು ಹೋಗಿ ಮೂರನೆಯದಕ್ಕೆ ಮುರಿಯಿತು. ಅನಸೂಯಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಆಯಿ ಕಣ್ಣು ತೆರೆದು ಬಾಗಿಲ ಕಡೆ ನೋಡಿದಳು, ಜೋಳದ ಚೀಲಗಳ ಕಡೆ ನೋಡಿದಳು.

"ಯಾರ ಹಾಡಿದ್ರವ್ವಾ ಅದು?" ಅಂದಳು.

ಆಕೆ ಇನ್ನೊಮ್ಮೆ ಎತ್ತಿ ನೋಡಿದಳು. ಅದೇ ಎಲೆ, ಅದೇ ಕಲ್ಲು. ಆಗ ತನ್ನ ಗಂಟಲನ್ನು ತಾನೇ ಮುಟ್ಟಿಕೊಂಡಳು, ಬೇರೆ ಯಾರದೋ ಸಾಮಾನನ್ನು ಮುಟ್ಟಿ ನೋಡುವ ಹಾಗೆ.

"ಗಂಟಿನಿಂದ ಹಿಂಗಾಗೇತಿ ಆಯೀ," ಎಂದು ಅನಸೂಯಾ ತಡವರಿಸಿದಳು. "ಹತ್ತು ದಿನದ ಹಿಂದ ಚಲೋನ ಇತ್ತಲ್ಲ."

"ಅವತ್ತಿಂದು ಐತೇನು? ಕೇಳಸು."

ಮೂವರೂ ಅಂಗಳಕ್ಕೆ ಬಂದೆವು. ಅನಸೂಯಾ ಆ ಮೊದಲ ದಿನದ ಹಾಡನ್ನು ಅಳಿಸಿರಲಿಲ್ಲ. "ಕೆಟ್ಟದ್ದು" ಎಂದು ಹೆಸರು ಕೊಟ್ಟು ಪಕ್ಕಕ್ಕಿಟ್ಟಿದ್ದಳು. ಈಗ ಅದನ್ನು ಜೋರಾಗಿ ಹಚ್ಚಿದಳು. ತುಂಬಿದ ಕೊಡದ ದನಿ ಅಂಗಳಕ್ಕೆ ಬಂತು.

ಹತ್ತಿಯ ಬಿಡಿಸ್ಯಾಳ, ಬುಟ್ಟಿಯ ತುಂಬ್ಯಾಳ,
ಒತ್ತಟ್ಟಿಗಿಟ್ಟಾಳ ತನ ಮಾತ.

ಇಪ್ಪತ್ತೆರಡು ವರ್ಷ ಕೇಳಿದ ಹಾಡು. ಆದರೆ ಒಳಗಿನ ಆ ಒಣ ಎಲೆಯನ್ನು ಕೇಳಿ ಬಂದ ಕಿವಿಗೆ ಅದು ಬೇರೆಯಾಗಿ ಕೇಳಿಸಿತು. ಆ ಎಲೆ ಇದರಲ್ಲೂ ಇತ್ತು, ತಳದಲ್ಲಿ, ಪರಕ್ ಪರಕ್ ಎನ್ನುತ್ತಾ. ಅದರ ಮೇಲೆ ಹರೆಯದ ಇನ್ನೊಂದು ದನಿ, ಅದನ್ನು ಹೊತ್ತುಕೊಂಡ ಹಾಗೆ. ಕಲಸಿದ್ದಲ್ಲ ಅದು, ಒಂದರ ಮೇಲೊಂದು ಹಾಸಿದ್ದು. ನಾನು ಸೀರೆಗಳನ್ನು ಹಾಸುತ್ತೇನಲ್ಲ, ಹಾಗೆ. ಒಂಬತ್ತು ದಿನಕ್ಕೊಮ್ಮೆ ಅದೇ ಹಾಡು ತನ್ನ ಮರುದನಿಯ ಮೇಲೇ ಬಂದು ಬೀಳುತ್ತಿತ್ತು. ಆಕೆ ಹಾಡಿದ್ದನ್ನು ಗೋಡೆ ತಿರುಗಿಸುತ್ತಿತ್ತು, ಗೋಡೆ ತಿರುಗಿಸಿದ್ದರ ಮೇಲೆ ಆಕೆ ಮತ್ತೆ ಹಾಡುತ್ತಿದ್ದಳು, ಐವತ್ತು ವರ್ಷ. ಜೀವದ ದನಿಯ ಆಸರೆ ಸಿಕ್ಕ ಹಳೆಯ ದನಿ ಮಾಸದೆ ಅದರ ಜೊತೆಗೇ ಮತ್ತೆ ಗೋಡೆ ಸೇರುತ್ತಿತ್ತು. ನಾವು ಕೇಳಿ ಬೆರಗಾಗುತ್ತಿದ್ದ ದನಿ ಇವತ್ತಿನದಾಗಿರಲಿಲ್ಲ. ಆಕೆಗೂ ಅದು ಗೊತ್ತಿರಲಿಲ್ಲ. ದಿನಾ ಕೇಳುವುದು ತನ್ನದೇ ಗಂಟಲು ಅಂತ ನಂಬಿ ಮುದುಕಿಯಾಗಿದ್ದಳು.

"ತಡಿ," ಎಂದಳು ಆಯಿ, ಒಮ್ಮೆಲೇ. "ಅಲ್ಲಿ ಹಿಂದಕ ಒಂದು ಐತಿ ನೋಡು. ಇನ್ನೊಮ್ಮೆ ಹಚ್ಚು."

ಅನಸೂಯಾ ಮತ್ತೆ ಹಚ್ಚಿದಳು. ಹರೆಯದ ದನಿಯ ಹಿಂದೆ, ಎಳೆಯಷ್ಟು ತೆಳ್ಳಗೆ, ಮೂರನೆಯದೊಂದು. ಸ್ವಲ್ಪ ಮೂಗಿನಲ್ಲಿ ಹಾಡುವ ದನಿ. "ಬುಟ್ಟಿಯ" ಎನ್ನುವಲ್ಲಿ ಒಂದು ಎಳೆತ, ತಿದ್ದುವವರು ಎಳೆಯುವ ಹಾಗೆ. ಆಯಿಯ ಮುಖದ ಬಣ್ಣವೇ ಇಳಿದುಹೋಯಿತು.

"ನಮ್ಮತ್ತಿ," ಅಂದಳು. "ನೀಲವ್ವತ್ತಿ. ಆಕಿ ಸತ್ತು ಮೂವತ್ತೆಂಟು ವರ್ಷಾತು."

ಓಡಿ ಒಳಗೆ ಹೋಗಿ ಮೂಡಣ ಮೂಲೆಯ ಕೌದಿಯನ್ನು ಹಿಡಿದೆಳೆದೆ. ಹಗ್ಗದ ಸಮೇತ ಬಂತು. ಹತ್ತೊಂಬತ್ತನ್ನೂ ಎಳೆದು ಕೆಡವಿದೆ. ಬರಿಗೋಡೆಗೆ ಕಿವಿ ಹಚ್ಚಿ ನಿಂತೆ. ಏನಿದೆ ಅಲ್ಲಿ? ಸುಣ್ಣದ ವಾಸನೆ. ಒಂಬತ್ತು ದಿನ, ಒಂಬತ್ತು ಹಾಡು. ಒಂದನ್ನೂ ಬಿಡದೆ ಕುಡಿದು ಮುಗಿಸಿದ್ದವು ನನ್ನ ಕೌದಿಗಳು. ಆ ಮೂಲೆಯೊಂದನ್ನಾದರೂ ಬಿಟ್ಟಿದ್ದರೆ ಅಲ್ಲಿಂದ ಒಂದೆಳೆಯಾದರೂ ಬರುತ್ತಿತ್ತೇನೋ. ಹಿಂದಿನಿಂದ ಅನಸೂಯಾ ಮಿಷನ್ನು ಹಿಡಿದುಕೊಂಡು ಬಂದು, "ಇದನ್ನ ಗೋಡಿ ಮುಂದ ಹಚ್ಚಿದರ?" ಅಂದಳು. ಅನ್ನುತ್ತಲೇ ಅವಳಿಗೇ ನೆನಪಾಯಿತು, ಉಸಿರಿಲ್ಲದ್ದನ್ನು ಗೋಡೆ ಹಿಡಿಯುವುದಿಲ್ಲ. ಸುಮ್ಮನೆ ಕೌದಿಗಳ ರಾಶಿಯ ಮೇಲೆ ಕುಸಿದಳು. ಒಂಬತ್ತರಲ್ಲಿ ಉಳಿದದ್ದು ಒಂದು, ಅದೂ "ಕೆಟ್ಟದ್ದು" ಎಂದು ಹೆಸರಿಟ್ಟದ್ದು.

ನಾನು ಆಯಿಯ ಕಾಲ ಬಳಿ ಕೂತೆ. "ನೀ ಬಿಡ ಅಂದಿದ್ದಿ. ನಾನೇ ಹೊದಿಸಿದೆ. ಬೈಯಾದ್ರೂ ಬೈ ಆಯೀ. ಅಂಗಳದಾಗ ಅದೀವಿ, ಯಾವ ಗೋಡಿಗೂ ಕೇಳಂಗಿಲ್ಲ."

ಆಕೆ, "ಆ ಕೌದಿ ನಿಮ್ಮವ್ವ ಹೊಲಿದದ್ದಲ್ಲ?" ಎಂದು ಕೇಳಿದಳು.

"ಹೂಂ."

"ಚಲೋ ಹೊಲಿದಾಳ. ಒಂದು ಮಾತೂ ಹೊರಗ ಬಿಟ್ಟಿಲ್ಲ ನೋಡು," ಎಂದು ನಕ್ಕಳು. ಆ ನಗುವೂ ಒಡೆದಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನ ಮಧ್ಯಾಹ್ನ ಆಕೆ ಬರಿಗೋಡೆಯ ಕೋಣೆಗೆ ಒಬ್ಬಳೇ ಹೋಗಿ ಬಾಗಿಲು ಹಾಕಿಕೊಂಡಳು. ಮೊದಲಿನ ಹಾಡಿನಿಂದಲೇ ಹಿಡಿದಳು. ನಾವು ಹೊರಗೆ ಕೂತು ಕೇಳಿದೆವು: ಮೊದಲು ಸ್ವಲ್ಪ ಗೊಣಗುಟ್ಟಿದ ಹಾಗೆ ಕೇಳಿಸಿತು, ದೇವರ ಹೆಸರು ಹೇಳುತ್ತಿರಬೇಕು ಅಂದುಕೊಂಡೆವು. ಆಮೇಲೆ ಆ ಒಣ ಎಲೆ. ಹೀಗೆ ಒಂಬತ್ತು ದಿನ ಒಂಬತ್ತೂ ಹಾಡು ಹಾಡಿದಳು. ಕಿಟಕಿಯ ಕೆಳಗೆ ಯಾರೂ ನಿಲ್ಲಲಿಲ್ಲ. ನಿಲ್ಲಲು ಬಂದವರು ಬೆಚ್ಚಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆ ತಗ್ಗಿಸಿ ಹೋಗುತ್ತಿದ್ದರು. ನಾನು ಕಟ್ಟೆಯ ಮೇಲೆ ಕೂತು ಹೊಲಿದದ್ದೆಲ್ಲ ಆ ದಿನಗಳಲ್ಲಿ ಸೊಟ್ಟ ಬಂತು. ಬಿಚ್ಚಿದೆ, ಮತ್ತೆ ಹೊಲಿದೆ, ಮತ್ತೆ ಸೊಟ್ಟ. ಆಯಿ ದಿನಾ ಹಾಡು ಮುಗಿಸಿ ಹೊರಗೆ ಬಂದಾಗ ನನ್ನ ಕೈಯನ್ನೇ ನೋಡುತ್ತಿದ್ದಳು.

ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಅನಸೂಯಾ ಗಂಟು ಮೂಟೆ ಕಟ್ಟುತ್ತಿದ್ದಾಗ ಆಯಿ ನನ್ನ ಕೈಗೆ ಬೀಗದ ಕೈ ಕೊಟ್ಟಳು. "ಇವತ್ತಿಂದ ದಿನಾ ಬಿಸಿಲು ಕಲ್ಲ ಮುಟ್ಟೂ ಹೊತ್ತಿಗೆ ಕೋಣಿ ಬಾಗಲಾ ತೆಗಿ. ಗಾಳಿ ಆಡಲಿ" ಅಂದಳು. ಬಸ್ಸು ಹತ್ತುವಾಗ ಅನಸೂಯಾಳ ಹೆಗಲ ಮೇಲೆ ಕೈಯಿಟ್ಟುಕೊಂಡು ಒಮ್ಮೆ ಓಣಿಯ ಕಡೆ ತಿರುಗಿ ನೋಡಿದಳು, ಅಷ್ಟೇ.

ಮಧ್ಯಾಹ್ನ ಹೋಗಿ ಬೀಗ ತೆಗೆದೆ. ಆಕೆ ಮೊದಲ ಹಾಡು ಹಾಡಿ ಅಂದಿಗೆ ಒಂಬತ್ತು ದಿನ ಕಳೆದಿತ್ತು. ಗೋಡೆಯಿಂದ ಅದು ಬರುತ್ತದೆಂದು ನನಗೆ ಗೊತ್ತಿತ್ತು. ಕೇಳುವ ಧೈರ್ಯವಿರಲಿಲ್ಲ. ಬಾಗಿಲಲ್ಲೇ ನಿಂತೆ, ಬಂದೊಡನೆ ಹೊರಟುಬಿಡೋಣ ಎಂದು. ಬೆಳಕಿಂಡಿಯ ಬಿಸಿಲು ಮೆಲ್ಲಗೆ ಸರಿದು ಕಲ್ಲಿನ ಅಂಚಿಗೆ ಬಂತು.

ಗೋಡೆ ಕೆಮ್ಮಿತು.

"ಸಾವಂತ್ರೀ, ಬಂದೀಯೇನ?"

ಚೌಕಟ್ಟು ಹಿಡಿದುಕೊಂಡೆ. ಅಷ್ಟು ಹೊತ್ತಿಗೆ ಆಕೆ ಆಸ್ಪತ್ರೆಯ ಹಾಸಿಗೆಯಲ್ಲಿರಬೇಕು. ಯಾರಿಗೆ ಹೇಳುತ್ತಿದ್ದೇನೆಂದು ತಿಳಿಯದೆಯೇ "ಹೂಂ ಆಯೀ" ಅಂದೆ.

"ಬಾಗಲದಾಗ ನಿಂತಿರ್ತಿ ನೀ. ಒಳಗ ಬಾ. ನನ್ನ ಮಣಿ ಮ್ಯಾಲ ಕೂಡು."

ಹೋಗಿ ಕೂತೆ. ಕಾಲು ತಾವೇ ಒಯ್ದವು. ಬೆನ್ನಿಗೆ ಗೋಡೆ ತಾಗಿತು. ತಣ್ಣಗಿರಲಿಲ್ಲ.

"ಇಪ್ಪತ್ತೆರಡ ವರ್ಷ ಕಟ್ಟಿ ಮ್ಯಾಲ ಕುಂತು ಹೊಲಿಯೂ ಮುಂದ ತುಟಿ ಆಡಿಸೀದಿ. ನನಗ ಕಾಣಂಗಿಲ್ಲ ಅಂತ ತಿಳಿದೀಯೇನ? ಒಂಬತ್ತೂ ನಿನಗ ಬರತಾವ. ಅನಸೂಯಾಗ ಮಿಷನ್ ಬರತೈತಿ, ಹಾಡು ಬರಂಗಿಲ್ಲ." ಅಲ್ಲೊಂದು ಉಸಿರು ಎಳೆದುಕೊಂಡ ಸದ್ದು. "ಈಗ ನಾ ಎತ್ತತೇನಿ. ನೀ ಮ್ಯಾಲ ಬಾ. ಕೆಟ್ಟ ಹಾಡಿದ್ರೂ ಹಾಡು. ಮುಂದಿನ ಒಂಬತ್ತಕ್ಕ ಇಬ್ಬರೂ ಕೂಡಿ ತಿದ್ದೂನು."

ಬಿಸಿಲು ಕಲ್ಲನ್ನು ಮುಟ್ಟಿತು. ಬೆನ್ನ ಹಿಂದಿನಿಂದ ಒಣ ಎಲೆ ಎದ್ದಿತು: ಹತ್ತಿಯ ಬಿಡಿಸ್ಯಾಳ. ನನ್ನ ಬಲಗೈ ಸೂಜಿ ಹಿಡಿದ ಹಾಗೆ ತಾನಾಗಿ ಮೇಲೆ ಹೋಯಿತು. ಬುಟ್ಟಿಯ ಎನ್ನುವಲ್ಲಿ ಬಾಯಿ ತೆರೆದೆ. ನನ್ನೊಳಗಿನಿಂದ ಬಂದದ್ದನ್ನು ಕೇಳಿ ನಾನೇ ಬೆಚ್ಚಿದೆ, ಸೊಟ್ಟಗಿತ್ತು. ಆದರೂ ಬಿಚ್ಚಲಿಲ್ಲ, ಹಾಡಿನ ಕೊನೆಯವರೆಗೂ ಹಾಡಿದೆ.